ಟಾಕಿಯ ಮೇಲೆ ನಕ್ಕ ಸಂಗವ್ವ

ನಮ್ಮೂರಿನಲ್ಲಿ ಗುರುವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಯಾರಿಗೂ ತೂಕವಿರುವುದಿಲ್ಲ. ಅಂಗಡಿಯವರು ತಕ್ಕಡಿ ಎತ್ತಿಡುತ್ತಾರೆ, ಹೆಂಗಸರು ಸೆರಗು ಬಿಗಿಯುತ್ತಾರೆ. ಕಲಾವಿದೆ ನಫೀಸಾ ನೀರಿನ ಟಾಕಿಯ ಎತ್ತರಕ್ಕೆ ತೇಲಿಹೋಗಿ, ಅದರ ಗೋಡೆಯ ಮೇಲೆ ನಗರಸಭೆಯ ಮೊದಲ ಅಧ್ಯಕ್ಷೆ ಸಂಗವ್ವನ ಚಿತ್ರ ಬರೆಯುತ್ತಿದ್ದಳು.

ಚಿತ್ರ ಮುಗಿಯಬೇಕಿದ್ದ ದಿನ, ಮೊಣಕಾಲು ನೋವಿನ ಸಂಗವ್ವನೇ ಹಕ್ಕಿಯ ಹಾಗೆ ಮೇಲೆ ಬಂದು ಚಿತ್ರದಲ್ಲಿದ್ದ ತನ್ನ ಮುಖವನ್ನು ದಿಟ್ಟಿಸಿದಳು.

"ಯಾರವ್ವಾ ಇಕಿ? ಬಾಯಿ ಹೊಲಿದಂಗ ಐತಿ!"

"ಗಂಭೀರ ಇರ್ಲಿ ಅಂತ ನಗರಸಭೆ ಸಾಹೇಬ್ರು ಹೇಳ್ಯಾರ್ರಿ, ಅಜ್ಜಿ."

"ಬಾಯಿ ಮುಚ್ಚು ಅಂತ ಸಭಾದಾಗ ಎಲ್ಲಾರೂ ಹೇಳ್ತಿದ್ರು. ನಾ ಮುಚ್ಚಿದ್ದಿಲ್ಲ. ಈಗ ನೀ ಮುಚ್ಚಸ್ತೀ ಏನ?"

ನಫೀಸಾಳಿಗೆ ನಗು ಉಕ್ಕಿತು. ನಕ್ಕ ರಭಸಕ್ಕೆ ತಲೆಕೆಳಗಾದಳು. ಸಂಗವ್ವ ಅವಳ ಕಾಲು ಹಿಡಿದುಕೊಂಡಳು. ಅಷ್ಟರಲ್ಲಿ ತೂಕ ಮರಳುವ ಸೈರನ್ ಕೂಗಿತು.

"ಇಳೀರಿ ಅಜ್ಜಿ, ಬಿದ್ದೀರಿ!"

"ನೀ ಮೊದ್ಲ ಹಲ್ಲು ಬರಿ!"

ತಲೆಕೆಳಗಾಗಿಯೇ ನಫೀಸಾ ಚಿತ್ರದ ಬಾಯಿ ತೆರೆಸಿ ಹಲ್ಲು ಬರೆದಳು. ಸಂಗವ್ವನ ಮುಂದಿನ ಹಲ್ಲುಗಳ ಸಂದಿಯನ್ನೂ ಮರೆಯಲಿಲ್ಲ. ಆಮೇಲೆ ಇಬ್ಬರೂ ತಬ್ಬಿಕೊಂಡು ಇಳಿಯುತ್ತ, ಕೊನೆಯ ಮೊಳದಲ್ಲಿ ಧೊಪ್ಪನೆ ಹುಲ್ಲಿನ ಮೇಲೆ ಬಿದ್ದರು.

ಸಾಹೇಬರು ಸಿಟ್ಟಿನಿಂದ ಓಡಿಬಂದು ತಲೆಯೆತ್ತಿದರು. ಟಾಕಿಯ ತುಂಬ ಸಂಗವ್ವ ನಗುತ್ತಿದ್ದಳು. ಬೈಯಲು ಹೊರಟವರು ತಡೆಯಲಾರದೆ ತಾವೂ ನಕ್ಕುಬಿಟ್ಟರು.