ಸಪ್ಪಳ ಮಾಡುವ ಕಂಪ್ಯೂಟರ್

ಅಮರಪ್ಪ ತಿರುಗುವ ಕಂಪ್ಯೂಟರ್ ಫ್ಯಾನಿಗೆ ಕಿವಿ ಹಚ್ಚಿ ನಿಂತಿದ್ದ. ಗುಡಿಯ ಗಂಟೆ ಬಾರಿಸಿ, ಅದರ ದನಿ ಪೂರ್ತಿ ಅಡಗುವ ತನಕ ಕೈಮುಗಿದು ನಿಲ್ಲುವವರಿರುತ್ತಾರಲ್ಲ, ಹಾಗೆ.

“ಇದು ಬ್ಯಾಡ ತಂಗೀ. ಆವಾಜ ಇಲ್ಲ.”

ಮಸರತ ನಕ್ಕಳು. ರಂಗಂಪೇಟೆಯ ತನ್ನ ಸಣ್ಣ ಅಂಗಡಿಯಲ್ಲಿ ಅವಳು ಎಷ್ಟೋ ಹುಡುಗರಿಗೆ ಆಟದ ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದಳು. ಎಲ್ಲರೂ ಕೇಳುವುದು ಸದ್ದಿಲ್ಲದ ಫ್ಯಾನನ್ನೇ.

“ಅಣ್ಣಾರ, ಆವಾಜ ಇಲ್ಲಂತನ ಅದಕ್ಕ ರೇಟ್ ಜಾಸ್ತಿ ರೀ.”

“ಹಂಗಾರ ಆವಾಜ ಮಾಡೂದು ತೋರ್ಸು.”

“ಮನ್ಯಾಗ ಹಿಟ್ಟಿನ ಗಿರಣಿ ಇಟ್ಟಂಗ ಆಗ್ತದ ನೋಡ್ರಿ.”

“ಆಗ್ಲಿ. ಪಡಸಾಲಿತನಾ ಕೇಳಬೇಕು.”

ಅಮರಪ್ಪ ಕಕ್ಕೇರಾದ ಶಾಲೆಯೊಂದರಲ್ಲಿ ಗುಮಾಸ್ತ. ಮಗ ಸಾಯಿಕುಮಾರನಿಗೆ ಮೊದಲ ಕಂಪ್ಯೂಟರ್ ಎಂದು ಬರುತ್ತಲೇ ಹೇಳಿದ್ದ. ಹುಡುಗ ಯಾದಗಿರಿಯಲ್ಲಿ ಓದುತ್ತಾನಂತೆ. ಕಂಪ್ಯೂಟರ್ ಕೊಡಿಸುವ ತನಕ ಮನೆಗೆ ಕಾಲಿಡುವುದಿಲ್ಲವೆಂದು ಸಿಟ್ಟು ಮಾಡಿದ್ದಾನಂತೆ.

“ಹಿಂಗ ಹಟಾ ಮಾಡಿದ್ರ ನಾ ಆಗಿದ್ರ ಎರಡು ಬಿಗೀತಿದ್ದೆ,” ಎಂದಳು ಮಸರತ.

“ನಮ್ಮವ್ವ ಹಾಸಿಗಿ ಹಿಡದಾಳ ತಂಗೀ. ಕಣ್ಣು ಹೋಗ್ಯಾವ. ಡಾಕ್ಟರೂ ಕೈ ಬಿಟ್ಟಾರ. ಸಾಯಿ ಯಾಕ ಬರವಲ್ಲ, ಸಾಯಿ ಯಾಕ ಬರವಲ್ಲ, ದಿನಾ ಇದ ಮಾತು. ಮೊಮ್ಮಗ ಬಂದ ಅನ್ನೂದೊಂದು ಕೇಳಿ ಕಣ್ಣು ಮುಚ್ಚಲಿ ಅಂತ.”

ಮಸರತಳ ನಗು ನಿಂತಿತು. “ಹಂಗಾರ ಹುಡುಗನ್ನ ಇಲ್ಲಿಗೇ ಕರಕೊಂಡು ಬರ್ರಿ. ತನಗ ಬೇಕಾದ್ದು ತಾನ ಆರಿಸ್ಲಿ.”

“ಎಷ್ಟು ಕರದ್ರೂ ಬರೂದಿಲ್ಲವ.”

ಪ್ರೊಸೆಸರ್ ಯಾವುದು ಎಂದು ಕೇಳಿದಳು. ಯಾವುದಾದರೂ ಹಾಕು ಎಂದ. ರ‍್ಯಾಮ್ ಎಷ್ಟು? ನಿನಗೆ ತಿಳಿದಷ್ಟು. ಬಣ್ಣದ ದೀಪ ಮಿನುಗುವ ಡಬ್ಬಿ ಮುಂದಿಟ್ಟಳು. ಅದರತ್ತ ನೋಡಲೂ ಇಲ್ಲ.

ಮೂಲೆಯಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಪರೀಕ್ಷೆಗೆ ಓಡುತ್ತಿತ್ತು. ಗರ್ರ್ ಎಂಬ ಸದ್ದು. ಅಮರಪ್ಪನ ಮುಖ ಅತ್ತ ತಿರುಗಿತು.

“ಅದನ್ನ ಹಾಕು.”

“ಅಯ್ಯೋ, ಅದು ಕೆಟ್ಟ ಮಾಲು ರೀ! ಫ್ಯಾನ್ ಸವದದ. ನಾಳೆ ನಿಮ್ಮ ಮಗ ಬಂದು ನನ್ನ ಜೋಡಿ ಜಗಳಾ ತಗೀತಾನ.”

“ಜಗಳಾ ತಗದ್ರ,” ಎಂದ ಅಮರಪ್ಪ, “ನಿನಗ ಇಡೀ ಊರು ಕೂಡಿಸಿ ಊಟಾ ಹಾಕಸ್ತೀನಿ.”

ಕೀಬೋರ್ಡುಗಳನ್ನು ಕಣ್ಣು ಮುಚ್ಚಿ ಆರಿಸಿದ. ಒಂದೊಂದನ್ನೂ ಒತ್ತಿ ಒತ್ತಿ ಕೇಳಿ, ಎಲ್ಲಕ್ಕಿಂತ ಜೋರಾಗಿ ಕಟಕಟ ಎನ್ನುವುದನ್ನು ತೆಗೆದಿಟ್ಟ. ಮಾನಿಟರ್ ಮಾತ್ರ ಬೇಡವೆಂದ.

ಮಸರತಳ ಕೈ ಅಲ್ಲೇ ನಿಂತಿತು. “ಸ್ಕ್ರೀನ್ ಇಲ್ಲದ ಏನು ಆಟ ಆಡ್ತಾನ್ರೀ?”

“ಅವಗ ಬೇಕಾಗೂದಿಲ್ಲ.”

ಮನೆಯ ಟಿವಿಗೆ ಹಚ್ಚುತ್ತಾನೇನೋ ಎಂದುಕೊಂಡು ಅವಳು ಮಾನಿಟರ್ ಬದಿಗಿಟ್ಟಳು. ಕೊನೆಗೆ ಅಮರಪ್ಪ ಗೋಡೆಗೆ ತೂಗುಹಾಕಿದ್ದ ದೊಡ್ಡ ಹೆಡ್‌ಫೋನ್ ತೋರಿಸಿದ.

“ಇದನ್ನ ಹಾಕ್ಕೊಂಡ್ರ ಹೊರಗಿನವರು ಕರದದ್ದು ಕೇಳಸೂದಿಲ್ಲ, ಹೌದಲ್ಲ?”

“ಎಲ್ಲೀದ್ರಿ! ಆಟಕ್ಕ ಕುಂತ ಹುಡುಗ್ರು ಊಟಕ್ಕ ಕರದ್ರೂ ಓ ಅನ್ನೂದಿಲ್ಲ. ತಾಯಿಗೋಳು ಬಾಗಲಾ ಬಡದು ಬಡದು ಸೋತು ಸುಮ್ಮನಾಗ್ತಾರ.”

“ಅದಕ್ಕ ಆಟದ ಕಂಪ್ಯೂಟರ್ ಬೇಕಾತು,” ಎಂದ ಅಮರಪ್ಪ.

ಜೋಡಿಸಿದ ಪೆಟ್ಟಿಗೆಯನ್ನು ಮಸರತ ತಾನೇ ಕಕ್ಕೇರಾಕ್ಕೆ ಒಯ್ದಳು. ಪಡಸಾಲೆಯ ಮಂಚದ ಮೇಲೆ ಅಮರಪ್ಪನ ತಾಯಿ ಭೀಮವ್ವ ಮಲಗಿದ್ದಳು. ತುಟಿಯ ಮೇಲೆ ದೇವರ ನಾಮ ಅಲುಗುತ್ತಿತ್ತು. ಹೆಜ್ಜೆಯ ಸದ್ದಿಗೆ ಅದು ನಿಂತಿತು.

“ಯಾರವಾ?”

“ಕಂಪ್ಯೂಟರ್ ಹಚ್ಚಾಕ ಬಂದೀನ್ರೀ ಅಮ್ಮಾ.”

“ಹಚ್ಚವಾ, ಲಗೂನ ಹಚ್ಚು. ಅದು ಬರೂತನಾ ನಮ್ಮ ಮೊಮ್ಮಗ ಸಾಹೇಬ್ರು ಬರೂದಿಲ್ಲಂತ!”

ಒಳಗಿನ ಖೋಲಿಯಲ್ಲಿ ಅಮರಪ್ಪನ ಹೆಂಡತಿ ಶೇಖಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಸರತ ಗುಂಡಿ ಒತ್ತಿದಳು. ಫ್ಯಾನುಗಳು ಒಮ್ಮೆಲೇ ಗರ್ಜಿಸಿದವು. ಆ ಸದ್ದು ಖೋಲಿ ತುಂಬಿ ಹೊರಗೆ ಹರಿಯಿತು.

ಅಮರಪ್ಪ ಬಾಗಿಲು ಮುಂದೆ ಮಾಡಿದ. ಕುರ್ಚಿ ಎಳೆದು ಕೂತ. ಎರಡೂ ಕೈಯಿಂದ ಕೀಬೋರ್ಡ್ ಬಡಿಯತೊಡಗಿದ. ಅವನೆದುರು ಬರೀ ಗೋಡೆ ಇತ್ತು.

“ಹುಡುಗ ಎಲ್ಲಿ ರೀ?” ಮಸರತ ಶೇಖಮ್ಮನನ್ನು ಕೇಳಿದಳು.

ಶೇಖಮ್ಮ ಅವಳ ಕಿವಿಗೆ ಬಾಗಿದಳು. “ಮಣ್ಣು ಮಾಡಿ ಬಂದೀವಿ. ಶಹಾಪುರ ರೋಡಿನ್ಯಾಗ ಲಾರಿ ಬಡೀತು. ಅತ್ತಿನ್ನ ಆವಾಗ ಮುದನಾಳ ಊರಿಗೆ, ನಾದಿನಿ ಮನಿಗೆ ಒಯ್ದು ಬಿಟ್ಟಿದ್ವಿ. ಆಕಿಗೆ ಹೇಳಿಲ್ಲ.”

ಪಡಸಾಲೆಯಿಂದ ಕೂಗು ಬಂತು. “ಸಾಯೀ! ಬಂದ್ಯೇನಪಾ?”

ಅಮರಪ್ಪನ ಬೆರಳುಗಳು ಇನ್ನೂ ಜೋರಾಗಿ ಓಡಿದವು.

“ಬಂದಾನ ಅತ್ತೀ!” ಶೇಖಮ್ಮ ಒಂದಿಷ್ಟೂ ನಡುಗದ ದನಿಯಲ್ಲಿ ಕೂಗಿದಳು. “ಆಟಕ್ಕ ಕುಂತಾನ. ಕಿವಿಗೆ ಹಾಕ್ಕೊಂಡಾನ, ಕೇಳಸೂದಿಲ್ಲ.”

“ಕತ್ತೆ ಅದ, ಕತ್ತೆ! ಆಡ್ಲಿ ಬಿಡು,” ಎಂದು ಮುದುಕಿ ಬೈದಳು.

ಇನ್ನು ಅಲ್ಲಿ ನಿಲ್ಲಲು ಮಸರತಳಿಂದ ಆಗಲಿಲ್ಲ. ಖೋಲಿಯ ಬಾಗಿಲು ಎಳೆದುಕೊಂಡು, ತಲೆ ತಗ್ಗಿಸಿ ಪಡಸಾಲೆ ದಾಟುತ್ತಿದ್ದಳು. ಮಂಚದಿಂದ ಒಣಗಿದ ಕೈಯೊಂದು ಚಾಚಿ ಅವಳ ಓಢಣಿ ಹಿಡಿಯಿತು. ಮಸರತ ಬಾಗಿದಳು.

“ಅದನ್ನ ಬಂದ್ ಮಾಡಬ್ಯಾಡಂತ ಹೇಳಿ ಹೋಗವಾ,” ಭೀಮವ್ವ ಪಿಸುಗುಟ್ಟಿದಳು. “ಕೂಸು ಮಣ್ಣಾದಾಗಿಂದ, ನನಗ ಕೇಳಸೀತಂತ ನನ್ನ ಮಗ ಒಮ್ಮಿನೂ ಬಾಯಿ ಬಿಟ್ಟು ಅತ್ತಿಲ್ಲ.”