ಪ್ರತಿ ಶುಕ್ರವಾರ ಒಬ್ಬರು

ಏಪ್ರಿಲ್ ಮೊದಲ ಶುಕ್ರವಾರ, ಬೆಳಗ್ಗೆ ಏಳೂ ನಲವತ್ತು. ಹಿಮ ಕರಗಿತ್ತು, ಮೆಕ್ಕೆಜೋಳದ ಬಿತ್ತನೆ ಇನ್ನೂ ಶುರುವಾಗಿರಲಿಲ್ಲ. ಶಾಲೆಯ ಗೇಟಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ ಟ್ರೆವರ್‌ನ ಹೊಸ ಪಿಕಪ್ ನಿಂತಿತು. ಅವನು ಸೀಟ್ ಬೆಲ್ಟ್ ಹಾಕಿರಲಿಲ್ಲ.

ಗೇಟಿನಲ್ಲಿ ನಿಂತಿದ್ದ ಸಹಪಾಠಿ ಡೆಲ್ಲಾ ಪುಸ್ತಕದಲ್ಲಿ ಅವನ ಹೆಸರು ಬರೆದಳು. ಬೆಲ್ಟ್ ಹಾಕಿದವರಿಗೆ ಚಾಕೊಲೇಟ್, ಹಾಕದವರಿಗೆ ಬಾಯಿ ಸೊಟ್ಟಗಾಗುವಂಥ ನಿಂಬೆ ಮಿಠಾಯಿ. ಅದು ಅವಳೇ ಕಟ್ಟಿದ ರಸ್ತೆ ಸುರಕ್ಷತಾ ಕೂಟದ ಪದ್ಧತಿ. ಟ್ರೆವರ್ ಮಿಠಾಯಿ ಬಾಯಿಗೆ ಹಾಕಿಕೊಂಡು ನಕ್ಕ. ಗೇಟು ದಾಟಿ ನಾಲ್ಕು ಮಾರು ಹೋಗಿರಲಿಲ್ಲ, ಬೆಲ್ಟ್ ಎಳೆದು ಹಾಕಿಕೊಂಡ.

ಮಹಡಿಯ ಕಿಟಕಿಯಿಂದ ಮುಖ್ಯೋಪಾಧ್ಯಾಯ ಪ್ರೊಹಾಸ್ಕ ಇದನ್ನು ನೋಡುತ್ತಿದ್ದರು; ಅಷ್ಟು ದೂರಕ್ಕೆ ಬೆಲ್ಟ್ ಮಾತ್ರ ಕಾಣುತ್ತಿರಲಿಲ್ಲ. ಜನವರಿಯಲ್ಲಷ್ಟೇ ಆ ಊರಿಗೆ ಬಂದವರು. ಕೊನೆಯ ವರ್ಷದ ಮಕ್ಕಳಿಗೆ ಮೇ ತಿಂಗಳಲ್ಲಿ ಪ್ರಾಮ್ ಎಂಬ ನೃತ್ಯಸಂಜೆ. ಇಪ್ಪತ್ತೆರಡು ಮೈಲಿ ಆಚೆ, ಕೆರೆ ದಂಡೆಯ ಸಭಾಂಗಣದಲ್ಲಿ. ಅದಕ್ಕೆ ಪ್ರೊಹಾಸ್ಕ ಒಂದು ಷರತ್ತು ಹಾಕಿದ್ದರು. ಐದು ವಾರಗಳಲ್ಲಿ ಯಾವುದಾದರೂ ಒಂದು ವಾರ, ಸೋಮವಾರದಿಂದ ಶುಕ್ರವಾರದವರೆಗೆ, ಒಬ್ಬರೂ ಬೆಲ್ಟಿಲ್ಲದೆ ಗೇಟು ದಾಟಬಾರದು. ಗೆದ್ದರೆ ಅವರವರ ಕಾರಿನಲ್ಲಿ ಹೋಗಬಹುದು. ಸೋತರೆ ಎಲ್ಲರೂ ಹಳದಿ ಶಾಲಾ ಬಸ್ಸಿನಲ್ಲಿ. ರೇಷ್ಮೆ ಗೌನು ತೊಟ್ಟು ಆ ಬಸ್ಸು ಹತ್ತಲು ಯಾವ ಹುಡುಗಿ ಒಪ್ಪುತ್ತಾಳೆ? ಮೊದಲ ವಾರವೇ ಗೆಲ್ಲುತ್ತಾರೆ ಎಂದುಕೊಂಡಿದ್ದರು.

ಎರಡನೇ ವಾರ ಗುರುವಾರದವರೆಗೆ ಎಲ್ಲ ಸರಿ. ಶುಕ್ರವಾರ ಹ್ಯಾಲಿ ಸಿಕ್ಕಿಬಿದ್ದಳು. ಪ್ರಾಮ್‌ಗೆಂದೇ ಅವಳ ಅಜ್ಜ ತಮ್ಮ ಹಳೆಯ ಕಾರಿಗೆ ತಿಂಗಳಿಂದ ಬಣ್ಣ ಬಳಿಯುತ್ತಿದ್ದರು. ಮೂರನೇ ಶುಕ್ರವಾರ ಕ್ಲಿಂಟ್. ನಾಲ್ಕನೆಯದರಲ್ಲಿ ಇನ್ನೊಬ್ಬ.

ಪ್ರೊಹಾಸ್ಕರಿಗೆ ತಲೆ ಕೆಟ್ಟಿತು. ವಾರವಿಡೀ ನೆನಪಿರುವುದು ಶುಕ್ರವಾರ ಮಾತ್ರ ಮರೆತುಹೋಗುವುದೆಂದರೇನು? ಟ್ರೆವರ್‌ನನ್ನು ಕರೆಸಿ, ನಿಜವಾಗಿಯೂ ಬೆಲ್ಟ್ ಹಾಕಿರಲಿಲ್ಲವೇ ಎಂದು ಕೇಳಿದರು.

"ಡೆಲ್ಲಾ ಬರೆದಿದ್ದಾಳೆ ಅಂದ್ರೆ ನಿಜಾನೇ ಸರ್," ಎಂದ ಅವನು, ನೆಲ ನೋಡುತ್ತ.

ಆ ಉತ್ತರದಲ್ಲೇ ಏನೋ ಇದೆ ಅನ್ನಿಸಿತು. ಹುಡುಗ ಅವಳನ್ನು ಬಿಟ್ಟುಕೊಡುತ್ತಿಲ್ಲ. ಲೆಕ್ಕ ಹಾಕಿ ನೋಡಿದರು. ಆ ತರಗತಿಯಲ್ಲಿ ಕಾರು ಇಲ್ಲದವಳು ಡೆಲ್ಲಾ ಒಬ್ಬಳೇ. ದಿನಾ ಒಂದೂವರೆ ಮೈಲಿ ನಡೆದು ಬರುತ್ತಾಳೆ. ಎಲ್ಲರೂ ಬಸ್ಸಿನಲ್ಲಿ ಹೋದರೆ ಅವಳ ಮಾನ ಉಳಿಯುತ್ತದೆ. ಪುಸ್ತಕ ಇರುವುದು ಅವಳ ಕೈಯಲ್ಲೇ.

ಅದೇ ಸಂಜೆ ಜಡಿಮಳೆ. ಮನೆಗೆ ಹೊರಟ ಪ್ರೊಹಾಸ್ಕರಿಗೆ ದಾರಿಯಲ್ಲಿ ಡೆಲ್ಲಾ ಕಂಡಳು, ತೊಯ್ದು ತೊಪ್ಪೆಯಾಗಿದ್ದಳು. ಕಾರು ನಿಲ್ಲಿಸಿ ಬಾಗಿಲು ತೆರೆದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮುಖ ಬಿಳಿಚಿಕೊಂಡಿತ್ತು.

"ಬೇಡ ಸರ್. ನಡ್ಕೊಂಡೇ ಹೋಗ್ತೀನಿ."

ಕಳ್ಳನ ಮನಸ್ಸು ಹುಳ್ಳಗೆ ಎಂದುಕೊಂಡರು ಪ್ರೊಹಾಸ್ಕ.

ಸೋಮವಾರ ಅವಳನ್ನು ಕೋಣೆಗೆ ಕರೆಸಿದರು. ಸುತ್ತಿ ಬಳಸಲಿಲ್ಲ.

"ಬಸ್ಸಾದ್ರೆ ನಿನಗೆ ಅನುಕೂಲ, ಅಲ್ವಾ?"

"ನಾನು ಪ್ರಾಮ್‌ಗೆ ಹೋಗ್ತಾನೇ ಇಲ್ಲ ಸರ್. ಮೊದಲೇ ಎಲ್ಲರಿಗೂ ಹೇಳಿದ್ದೀನಿ. ಕಣ್ಣಾರೆ ಕಂಡಿದ್ದನ್ನ ಬರೆದಿದ್ದೀನಿ, ಅಷ್ಟೇ."

ಅವರು ನಂಬಲಿಲ್ಲ. ಕೊನೆಯ ಶುಕ್ರವಾರ ತಾವೇ ಗೇಟಿನಲ್ಲಿ ನಿಲ್ಲುವುದಾಗಿ ಹೇಳಿದರು. ಅಂದು ಯಾರೂ ಸಿಗದಿದ್ದರೆ, ಇಷ್ಟು ದಿನ ಬರೆದದ್ದೆಲ್ಲ ಸುಳ್ಳು ಎಂದರ್ಥ. ಆಗ ಅವಳು ಕೂಟದಲ್ಲಿ ಇರುವಂತಿಲ್ಲ. ಯಾಕೆಂದು ಇಡೀ ಶಾಲೆಯ ಮುಂದೆ ಹೇಳಬೇಕಾಗುತ್ತದೆ. ಡೆಲ್ಲಾ ಅಳಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದಳು. ಸಂಜೆಯೊಳಗೆ ಸುದ್ದಿ ಶಾಲೆಯೆಲ್ಲ ಹರಡಿತು.

ಮೇ ನಾಲ್ಕು, ಶುಕ್ರವಾರ. ಪ್ರೊಹಾಸ್ಕ ಏಳು ಗಂಟೆಗೇ ಗೇಟಿಗೆ ಬಂದರು. ಡೆಲ್ಲಾ ದೂರದ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಒಂದೊಂದೇ ಗಾಡಿ ಬಂತು. ಟ್ರೆವರ್, ಬೆಲ್ಟ್ ಇದೆ. ಹ್ಯಾಲಿ, ಇದೆ. ಕ್ಲಿಂಟ್, ಇದೆ. ಅರವತ್ತೊಂದು ಗಾಡಿ ದಾಟಿದವು. ಎಲ್ಲರ ಎದೆಯ ಮೇಲೂ ಬೆಲ್ಟು. ಗಂಟೆ ಹೊಡೆಯಲು ಎರಡು ನಿಮಿಷ ಇತ್ತು. ಪ್ರೊಹಾಸ್ಕ ಪುಸ್ತಕ ಮುಚ್ಚಿದರು. ಮೆಟ್ಟಿಲ ಮೇಲೆ ಡೆಲ್ಲಾ ತಲೆ ತಗ್ಗಿಸಿದಳು.

ಆಗ ತಿರುವಿನಲ್ಲಿ ಒಂದು ಬೂದು ಕಾರು ಕಾಣಿಸಿತು. ಅದು ಅವರ ಮನೆಯದೇ ಇನ್ನೊಂದು ಕಾರು. ಒಳಗಿದ್ದವಳು ಡೆಲ್ಲಾಳ ತರಗತಿಯಲ್ಲೇ ಓದುವ ಮಗಳು ಕೊರೀನ್. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತರಲೂ ಬೆಲ್ಟ್ ಹಾಕುವ ಹುಡುಗಿ. ಇವತ್ತು ಹಾಕಿರಲಿಲ್ಲ.

"ಮರೆತೆ ಅಪ್ಪ," ಎಂದು ಅಂಗೈ ಚಾಚಿದಳು. ಮಿಠಾಯಿ ಕೊಡದೆ ವಿಧಿಯಿರಲಿಲ್ಲ. ಹಿಂದೆ ನಿಂತ ಮಕ್ಕಳೆಲ್ಲ ನೋಡುತ್ತಿರುವಾಗ ಪ್ರೊಹಾಸ್ಕ ಸ್ವಂತ ಮಗಳ ಹೆಸರು ಬರೆದುಕೊಂಡರು.

ಮಧ್ಯಾಹ್ನ ಊಟದ ಮನೆಯಲ್ಲಿ ಎಲ್ಲರೆದುರು ಡೆಲ್ಲಾಳ ಕ್ಷಮೆ ಕೇಳಿದರು. ಪುಸ್ತಕ ವಾಪಸು ಕೊಟ್ಟರು. ಆದರೆ ಷರತ್ತು ಷರತ್ತೇ. ಬಸ್ಸೇ ಗತಿ ಎಂದಾಗ ಮಕ್ಕಳು ಗೊಣಗುತ್ತಾರೆ ಎಂದು ಕಾದರು. ಯಾರೂ ಗೊಣಗಲಿಲ್ಲ.

ಮುಂದಿನ ಶನಿವಾರ ಬಸ್ಸು ಶಾಲೆಯ ಮುಂದೆ ನಿಂತಿತ್ತು. ಗೌನುಗಳನ್ನು ಎತ್ತಿ ಹಿಡಿದ ಹುಡುಗಿಯರು, ಕತ್ತಿನ ಬೋ ಟೈ ಸರಿಮಾಡಿಕೊಳ್ಳುವ ಹುಡುಗರು, ಜಾತ್ರೆಗೆ ಹೊರಟವರ ಗದ್ದಲ. ಪ್ರೊಹಾಸ್ಕರಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷದಿಂದ ಆ ಬಸ್ಸು ಓಡಿಸುತ್ತಿದ್ದ ಮುದುಕ ಒರ್ವಲ್‌ನನ್ನು ಕೇಳಿಯೇಬಿಟ್ಟರು: ಸೋತವರಿಗೆ ಇಷ್ಟು ಖುಷಿ ಯಾಕಪ್ಪಾ?

ಒರ್ವಲ್ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ತಗ್ಗಿದ ದನಿಯಲ್ಲಿ ಹೇಳಿದ. "ನೀವು ಹೊಸಬರು ಸಾರ್, ನಿಮಗೆ ಗೊತ್ತಿಲ್ಲ. ಹೋದ ವರ್ಷ ಡೆಲ್ಲಾ ಇದ್ದ ಕಾರು ಚರಂಡಿಗೆ ಉರುಳಿ ಎರಡು ತಿಂಗಳು ಆಸ್ಪತ್ರೇಲಿದ್ಲು. ಅವತ್ತಿಂದ ಅವಳು ಕಾರು ಹತ್ತಿಲ್ಲ, ಬಸ್ಸಾದ್ರೆ ಹತ್ತುತ್ತಾಳೆ. ಪ್ರತಿ ಗುರುವಾರ ಬೇರೆ ಊರಿಗೆ ಆಟಕ್ಕೆ ಹೋಗುವಾಗ ಇದೇ ಬಸ್ಸಿನ ಹಿಂದಿನ ಸೀಟಲ್ಲಿ ಮಕ್ಕಳು ಚೀಟಿ ಎತ್ತೋರು, ನಾಳೆ ಬೆಲ್ಟ್ ಬಿಚ್ಚೋ ಸರದಿ ಯಾರದು ಅಂತ. ಕೊನೇ ವಾರ ಚೀಟಿ ಎತ್ತಲಿಲ್ಲ. ಆ ಸರದೀನ ನಿಮ್ಮ ಮಗಳೇ ಕೇಳಿ ತಗೊಂಡ್ಲು."

ಮೇ ಹನ್ನೆರಡು, ಶನಿವಾರ, ಸಂಜೆ ಆರೂವರೆಗೆ ಮೂವತ್ತೊಂಬತ್ತು ಮಂದಿ ಹೊರಟರು. ಕಿಟಕಿಯ ಪಕ್ಕದಲ್ಲಿ, ನೀಲಿ ಗೌನು ತೊಟ್ಟು, ಡೆಲ್ಲಾ.