ತಂಪು ನೀರು, ಬಿಟ್ಟಿ ವೈಫೈ

“ಓದಾಕ ಒಂದು ನರಪಿಳ್ಳೆನೂ ಬರೂದಿಲ್ಲಂದ್ರ ಈ ಗ್ರಂಥಾಲಯ ಯಾಕ ಬೇಕ್ರಿ? ನಾ ಮತ್ತ ಬಂದಾಗೂ ಹಿಂಗ ಇದ್ರ ಬೀಗ ಹಾಕಸ್ತೀನಿ,” ಎಂದು ಪಂಚಾಯಿತಿ ಅಧ್ಯಕ್ಷರು ಗದರಿ ಹೋದ ದಿನ ಗ್ರಂಥಪಾಲಕಿ ದಾಕ್ಷಾಯಿಣಿಗೆ ರೊಟ್ಟಿ ಗಂಟಲಿಗಿಳಿಯಲಿಲ್ಲ.

ಮರುದಿನವೇ ಆಕೆ ತನ್ನ ಮನೆಯ ಫ್ಯಾನು ತಂದು ಅಲ್ಲಿ ಹಾಕಿಸಿದಳು. ಹರವಿಯಲ್ಲಿ ತಂಪು ನೀರು ತುಂಬಿಟ್ಟಳು. ಮೊಬೈಲ್ ಚಾರ್ಜಿಗೆಂದು ಗೋಡೆಯುದ್ದಕ್ಕೂ ಪ್ಲಗ್ಗು ಕೂರಿಸಿ, ವೈಫೈ ಬಿಟ್ಟಿ ಎಂದು ಬಾಗಿಲಿಗೆ ಬರೆಸಿದಳು. ಊರಿಗೆ ಊರೇ ಬಂತು. ಬಂದವರು ನೀರು ಕುಡಿದರು, ರೀಲ್ಸ್ ನೋಡಿದರು, ಬಿಸಿಲು ಇಳಿಯುವ ತನಕ ಗೊರಕೆ ಹೊಡೆದರು. ಇವರಲ್ಲಿ ಒಬ್ಬರಾದರೂ ಬೇಸರಕ್ಕಾದರೂ ಒಂದು ದಿನ ಕಪಾಟಿನತ್ತ ಕೈ ಚಾಚಿಯಾರು ಎಂದು ಆಕೆ ದಿನವೂ ಪುಸ್ತಕಗಳ ಧೂಳು ಒರೆಸುತ್ತಿದ್ದಳು.

ಅಧ್ಯಕ್ಷರು ಮತ್ತೆ ಬಂದಾಗ ಒಳಗೆ ಕಾಲಿಡಲೂ ಸ್ಥಳವಿರಲಿಲ್ಲ.

“ಭಾಳ ಚಲೋ ಮಾಡೀರಿ ಅಕ್ಕಾರ. ಇನ್ನ ಇದನ್ನ ಮುಚ್ಚೂ ಮಾತೇ ಇಲ್ಲ. ಏನರ ಬೇಕಿದ್ರ ಕೇಳ್ರಿ,” ಎಂದರು.

ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು. “ಜನಕ್ಕ ಕೂಡ್ರಾಕ ಜಾಗ ಸಾಲವಲ್ದ್ರಿ, ಸಾಹೇಬ್ರ.”

ಅಧ್ಯಕ್ಷರು ಸುತ್ತ ಕಣ್ಣಾಡಿಸಿದರು.

“ಅದಕ್ಯಾಕ ಚಿಂತಿ ಮಾಡ್ತೀರಿ? ಆ ಪುಸ್ತಕದ ಕಪಾಟೆಲ್ಲಾ ನಾಳೆನ ಹೊರಗ ಹಾಕಸ್ತೀನಿ.”